ಕಯಾಕ್‌ನ ಗಾಳಕ್ಕೂ ಲೆಕ್ಕವಿದೆ: ಕಡಲ ಮೀನಿನ ಸಂತತಿ ಉಳಿಯುವ ಬಗೆ

ಸಾಗರ ತಾಲ್ಲೂಕಿನ ಹೊನ್ನೇಮರಡುವಿನಲ್ಲಿ, ಲಿಂಗನಮಕ್ಕಿಯ ಹಿನ್ನೀರಿನ ಮೇಲೆ ಕಯಾಕ್‌ಗೆ ಹುಟ್ಟು ಹಾಕಲು ಕಲಿತವರು ಮಲೆನಾಡಿನಲ್ಲಿ ಹಲವರಿದ್ದಾರೆ. ಅವರಲ್ಲಿ ಗಾಳದ ಗೀಳು ಹತ್ತಿದ ಕೆಲವರು ಮಳೆಗಾಲ ಕಳೆದು ಕಡಲು ಶಾಂತವಾದ ಮೇಲೆ ಗೇರುಸೊಪ್ಪೆಯ ದಾರಿಯಲ್ಲೋ ಬಾಳೆಬರೆ ಘಾಟಿಯಲ್ಲೋ ಇಳಿದು ಹೋಗಿ, ಹೊನ್ನಾವರ, ಮುರ್ಡೇಶ್ವರ, ಭಟ್ಕಳ, ಗಂಗೊಳ್ಳಿಯ ಕಡೆ ಕಯಾಕ್ ನೀರಿಗಿಳಿಸುತ್ತಾರೆ. ಅವರೊಡನೆ ಮೀನಿನ ಅಳಿವಿನ ಮಾತು ಬಂದಾಗಲೆಲ್ಲ ಒಂದೇ ಉತ್ತರ ಕೇಳಿಬರುತ್ತದೆ: ಕಡಲನ್ನು ಬರಿದು ಮಾಡುವುದು ತಳ ಗುಡಿಸುವ ಟ್ರಾಲ್‌ಬೋಟು ಮತ್ತು ಮೀನಿನ ಗುಂಪನ್ನೇ ಸುತ್ತುವರಿದು ಹಿಡಿಯುವ ಪರ್ಸಿನ್ ಬಲೆ, ಒಬ್ಬ ಮನುಷ್ಯ, ಒಂದು ಗಾಳ, ಅದರಿಂದ ಏನು ಕಡಿಮೆಯಾದೀತು? ಈ ಉತ್ತರದಲ್ಲಿ ಅರ್ಧ ಸತ್ಯವಿದೆ. ಉಳಿದರ್ಧವನ್ನು ತಿಳಿಯಬೇಕಾದರೆ ಮೀನಿನ ಸಂತತಿ ಹೇಗೆ ಬೆಳೆಯುತ್ತದೆ, ಹೇಗೆ ಕುಗ್ಗುತ್ತದೆ ಎಂಬುದನ್ನು ಮೊದಲು ನೋಡಬೇಕು. ಎಷ್ಟು ಮೀನು ಹಿಡಿದೆವು ಎಂಬುದರ ಜೊತೆಗೆ ಯಾವ ಮೀನನ್ನು, ಯಾವ ಕಾಲದಲ್ಲಿ, ಯಾವ ಜಾಗದಲ್ಲಿ ಹಿಡಿದೆವು ಎಂಬುದೂ ಆ ಲೆಕ್ಕದಲ್ಲಿ ಅಷ್ಟೇ ಮುಖ್ಯ.

ಕಯಾಕ್ ಎಂದರೆ ಒಬ್ಬರು ಅಥವಾ ಇಬ್ಬರು ಕುಳಿತು ಎರಡೂ ತುದಿಯಲ್ಲಿ ಹಲಗೆಯಿರುವ ಹುಟ್ಟಿನಿಂದ ನಡೆಸುವ ಕಿರಿದಾದ ದೋಣಿ. ಮೀನು ಹಿಡಿಯಲು ಬಳಸುವಂಥದು ಸಾಮಾನ್ಯವಾಗಿ ಮೂರರಿಂದ ನಾಲ್ಕು ಮೀಟರ್ ಉದ್ದದ ಗಟ್ಟಿ ಪ್ಲಾಸ್ಟಿಕ್ಕಿನದು. ಅದರ ಒಳಗೆ ಕೂರದೆ ಮೇಲೆಯೇ ಕೂರುತ್ತಾರೆ, ಮೇಲೆ ಬಿದ್ದ ಅಲೆಯ ನೀರು ತಳದ ತೂತುಗಳಿಂದ ತಾನೇ ಹರಿದುಹೋಗುತ್ತದೆ. ಇಂಜಿನ್ ಇಲ್ಲ, ಐಸ್ ತುಂಬುವ ಕೋಣೆಯಿಲ್ಲ, ಬಲೆ ಎಳೆಯುವ ಯಂತ್ರವಿಲ್ಲ. ಕರಾವಳಿಯ ಮೊಗವೀರರು, ಖಾರ್ವಿಗಳು ಪಾತಿದೋಣಿಯಲ್ಲಿ ಕುಳಿತು ಗಾಳದಿಂದ ಮಾಡಿಕೊಂಡು ಬಂದ ಕೆಲಸವನ್ನೇ ಇಲ್ಲಿ ಬೇರೆ ಸಾಮಗ್ರಿಯಿಂದ ಮಾಡಲಾಗುತ್ತದೆ. ಕೃತಕ ಎರೆಯನ್ನು ದೋಣಿಯ ಹಿಂದೆ ಎಳೆದುಕೊಂಡು ಹೋದರೆ ಅಂಜಲ್ ಮತ್ತಿತರ ಓಟದ ಮೀನುಗಳು ಬೀಳುತ್ತವೆ. ಬಂಡೆಯ ಬಳಿ ಸೀಗಡಿಯನ್ನೋ ಸಣ್ಣ ಮೀನನ್ನೋ ಕಟ್ಟಿ ತಳಕ್ಕೆ ಬಿಟ್ಟರೆ ಮುರುಮೀನು, ಕೆಂಬೇರಿ ಸಿಗುತ್ತವೆ. ತಳ ಗುಡಿಸುವ ಟ್ರಾಲ್ ಬಲೆಯೊಳಗೆ ಬೇಕಾದದ್ದೂ ಬೇಡವಾದದ್ದೂ ಒಟ್ಟಿಗೆ ಸೇರಿ, ಮೇಲೆ ಬರುವಷ್ಟರಲ್ಲಿ ಬಹುಪಾಲು ಸತ್ತಿರುತ್ತದೆ. ಗಾಳದಲ್ಲಿ ಮೀನು ಒಂದೊಂದಾಗಿ, ಜೀವಂತವಾಗಿ ಕೈಗೆ ಬರುತ್ತದೆ. ಇಟ್ಟುಕೊಳ್ಳಬೇಕೇ ಬಿಡಬೇಕೇ ಎಂದು ತೀರ್ಮಾನಿಸಲು ಹಿಡಿದವರಿಗೆ ಅವಕಾಶವಿರುತ್ತದೆ. ಕಯಾಕ್ ಶಿಕಾರಿಯ ನಿಜವಾದ ಹೆಚ್ಚುಗಾರಿಕೆ ಈ ಒಂದು ಅವಕಾಶದಲ್ಲಿದೆ. ಅದನ್ನು ಬಳಸಿಕೊಳ್ಳದಿದ್ದರೆ ಅದು ಸಣ್ಣ ಪ್ರಮಾಣದ ಲೂಟಿಯಾಗಿಯೇ ಉಳಿಯುತ್ತದೆ ಎಂದು ನಾನು ತಿಳಿದಿದ್ದೇನೆ.

ಒಂದು ಪ್ರದೇಶದಲ್ಲಿ ತಮ್ಮತಮ್ಮಲ್ಲೇ ಕೂಡಿ ಮರಿ ಮಾಡುವ ಒಂದೇ ಜಾತಿಯ ಮೀನುಗಳ ಸಮೂಹವನ್ನು ಇಲ್ಲಿ ಸಂತತಿ ಎಂದು ಕರೆಯೋಣ. ವರ್ಷದಲ್ಲಿ ಅದರ ಒಟ್ಟು ತೂಕಕ್ಕೆ ಎರಡು ಕಡೆಯಿಂದ ಸೇರ್ಪಡೆಯಾಗುತ್ತದೆ: ಮೊಟ್ಟೆಯೊಡೆದು ಬದುಕುಳಿದು ಗುಂಪಿಗೆ ಬಂದು ಸೇರುವ ಮರಿಗಳಿಂದ ಒಂದಿಷ್ಟು, ಇರುವ ಮೀನುಗಳು ಬಲಿಯುವುದರಿಂದ ಇನ್ನೊಂದಿಷ್ಟು. ಹಾಗೆಯೇ ಎರಡು ಕಡೆಯಿಂದ ಕಳೆತವೂ ಆಗುತ್ತದೆ: ರೋಗ, ಮುಪ್ಪು, ದೊಡ್ಡ ಮೀನಿನ ಬಾಯಿ ಇವುಗಳಿಂದಾಗುವ ಸಹಜ ಸಾವು ಒಂದು, ಮನುಷ್ಯನ ಬಲೆ ಮತ್ತು ಗಾಳ ಇನ್ನೊಂದು. ಸೇರ್ಪಡೆಗಿಂತ ಕಳೆತ ಹೆಚ್ಚಾಗದಷ್ಟು ಹಿಡಿಯುವವರೆಗೆ ಸಂತತಿ ನಿಲ್ಲುತ್ತದೆ. ಇದು ಮೀರುವುದು ಎರಡು ಬಗೆಯಲ್ಲಿ. ಇನ್ನೂ ಬೆಳೆಯಬೇಕಾಗಿದ್ದ ಎಳೆಯ ಮೀನನ್ನು ಬೇಗ ಹಿಡಿದರೆ ಅದೇ ಮೀನಿನಿಂದ ಮುಂದೆ ಸಿಗಬಹುದಾಗಿದ್ದ ತೂಕ ನಷ್ಟವಾಗುತ್ತದೆ. ಇದು ಹಿಡಿಯುವವರಿಗೇ ಆಗುವ ನಷ್ಟ. ಎರಡನೆಯದು ಹೆಚ್ಚು ಅಪಾಯದ್ದು: ಮೊಟ್ಟೆಯಿಡುವ ತಾಯಿಮೀನುಗಳನ್ನೇ ತೆಗೆಯುತ್ತ ಹೋದರೆ ಬೀಜಕ್ಕೆಂದು ಕಟ್ಟಿಟ್ಟ ಭತ್ತವನ್ನು ಕುಟ್ಟಿ ಉಂಡ ಮನೆಯ ಗತಿಯೇ ಸಂತತಿಗೂ ಬರುತ್ತದೆ. ಮೊದಲ ವರ್ಷ ಹಸಿವು ಕಾಣುವುದಿಲ್ಲ. ಕೊರತೆ ತಿಳಿಯುವುದು ಬಿತ್ತನೆಯ ಹೊತ್ತಿಗೆ.

ಮಲೆನಾಡಿನವರಿಗೆ ಇದನ್ನು ಕಣ್ಣಾರೆ ತೋರಿಸಲು ಕಡಲಿಗೆ ಕರೆದೊಯ್ಯಬೇಕಾಗಿಲ್ಲ, ಮಳೆಗಾಲದಲ್ಲಿ ಹರಿವಿಗೆ ಎದುರಾಗಿ ಮೇಲೆ ಹತ್ತುವ ‘ಹತ್ತುಮೀನು’ ಸಾಕು. ಮುಂಗಾರಿನ ಮೊದಲ ಜೋರು ಮಳೆಗೆ ಹೊಳೆ ಕೆಂಪಾಗಿ ಹರಿಯತೊಡಗಿದಾಗ ಹಲವು ಜಾತಿಯ ಮೀನುಗಳು ಹರಿವಿಗೆ ಎದುರಾಗಿ ಹಳ್ಳ, ತೋಡು, ಗದ್ದೆಗಳನ್ನು ಹತ್ತುತ್ತವೆ. ತಿಳಿನೀರಿನ, ಹುಲ್ಲು ಮುಳುಗಿದ, ದೊಡ್ಡ ಮೀನಿನ ಕಾಟವಿಲ್ಲದ ಜಾಗದಲ್ಲಿ ಮೊಟ್ಟೆಯಿಡುವುದು ಆ ಪಯಣದ ಉದ್ದೇಶ. ಆ ರಾತ್ರಿಗಳಲ್ಲೇ ಟಾರ್ಚು, ಕತ್ತಿ ಹಿಡಿದು ಮೀನು ಕಡಿಯುವುದು, ತೋಡಿನ ಬಾಯಿಗೆ ಮೀನು ಸಿಕ್ಕಿಬೀಳುವ ಕೂಣಿ ಇಡುವುದು ನಮ್ಮಲ್ಲಿ ರೂಢಿಯಾಗಿದೆ. ಹಿಂದೆ ಮನೆಗೆ ಬೇಕಾದಷ್ಟು ಹಿಡಿಯುತ್ತಿದ್ದಾಗ ಹೊಳೆ ಅದನ್ನು ತಾಳಿಕೊಂಡಿತು. ಈಗ ಅದೇ ಹೊಳೆಗೆ ಅಣೆಕಟ್ಟುಗಳಿವೆ, ಗದ್ದೆಗಳು ಅಡಿಕೆ ತೋಟಗಳಾಗಿವೆ, ಹತ್ತುವ ದಾರಿ ಕಿರಿದಾಗಿದೆ. ಹಿಡಿಯುವವರ ಸಂಖ್ಯೆ ಮಾತ್ರ ಕಡಿಮೆಯಾಗಿಲ್ಲ. ಹೊಟ್ಟೆ ತುಂಬ ಮೊಟ್ಟೆಯಿರುವ ಒಂದು ಮೀನನ್ನು ಕಡಿದಾಗ ಹೊಳೆಯಿಂದ ಹೋಗುವುದು ಒಂದು ಮೀನಿನ ತೂಕವಷ್ಟೇ ಎಂದು ಎಣಿಸುವುದು ತಪ್ಪು ಲೆಕ್ಕ. ಸಿಡಿಮದ್ದು ಹಾಕಿ, ವಿಷ ಬೆರೆಸಿ ಮೀನು ಹಿಡಿಯುವುದನ್ನಂತೂ 1897ರ ಭಾರತೀಯ ಮೀನುಗಾರಿಕೆ ಕಾಯ್ದೆಯೇ ಅಪರಾಧವೆಂದು ಹೇಳಿದೆ.

ಇದೇ ನೆಲದಲ್ಲಿ ಇದಕ್ಕೆ ಎದುರಾದ ಪದ್ಧತಿಯೂ ಇದೆ. ಶೃಂಗೇರಿಯಲ್ಲಿ ಶಾರದಾಂಬೆಯ ಗುಡಿಯ ಕೆಳಗಿನ ತುಂಗೆಯಲ್ಲಿ ಮೀನು ಹಿಡಿಯುವುದಿಲ್ಲ. ತೀರ್ಥಹಳ್ಳಿಯ ಬಳಿ ಚಿಪ್ಪಲಗುಡ್ಡೆಯಲ್ಲಿ ಅದೇ ಹೊಳೆಯ ಒಂದು ಭಾಗವನ್ನು ಮತ್ಸ್ಯಧಾಮವೆಂದು ಕಾಯಲಾಗುತ್ತಿದೆ. ಹಿಡಿಯದೆ ಬಿಟ್ಟ ಇಂಥ ಮಡುಗಳಲ್ಲಿ ಮೀನು ಮುಪ್ಪಾಗುವವರೆಗೆ ಬದುಕಿ, ಮತ್ತೆಮತ್ತೆ ಮೊಟ್ಟೆಯಿಟ್ಟು, ಸುತ್ತಲಿನ ಹೊಳೆಗೆ ಮರಿಗಳನ್ನು ಒದಗಿಸಬಲ್ಲದು. ಕಡಲಿನಲ್ಲಿ ಮೀನುಗಾರಿಕೆ ನಿಷೇಧಿಸಿದ ವಲಯಗಳನ್ನು ಜಗತ್ತಿನ ಹಲವೆಡೆ ಮಾಡುವುದು ಇದೇ ತತ್ತ್ವದ ಮೇಲೆ.

ಹೊಳೆಯ ಮಾತನ್ನು ಇಷ್ಟು ಎಳೆದದ್ದಕ್ಕೆ ಇನ್ನೊಂದು ಕಾರಣವಿದೆ. ತುಂಗೆ, ಭದ್ರೆಯ ನೀರು ಪೂರ್ವಕ್ಕೆ ಹರಿದು ಕೃಷ್ಣೆಯ ಮೂಲಕ ಬಂಗಾಳ ಕೊಲ್ಲಿ ಸೇರಿದರೂ, ಶಿವಮೊಗ್ಗ ಜಿಲ್ಲೆಯ ಪಶ್ಚಿಮದ ಅಂಚಿನಲ್ಲಿ ಬಿದ್ದ ಮಳೆ ಕರಾವಳಿಗೇ ಇಳಿಯುತ್ತದೆ. ಅಂಬುತೀರ್ಥದಲ್ಲಿ ಹುಟ್ಟಿದ ಶರಾವತಿ ಹೊನ್ನಾವರದಲ್ಲಿ ಕಡಲು ಸೇರುತ್ತದೆ. ವಾರಾಹಿ ಮತ್ತು ಚಕ್ರಾ ಗಂಗೊಳ್ಳಿಯ ಬಳಿ ಪಂಚಗಂಗಾವಳಿಯಲ್ಲಿ ಕೂಡುತ್ತವೆ. ಸಿಹಿನೀರು ಉಪ್ಪುನೀರು ಬೆರೆಯುವ ಈ ಅಳಿವೆಗಳು, ಅವುಗಳ ದಡದ ಕಾಂಡ್ಲಾ ಗಿಡಗಳ ಬೇರಿನ ನಡುವಿನ ಕೆಸರು, ಕಡಲ ಅನೇಕ ಮೀನುಗಳ ಮರಿಗಳು ಬೆಳೆಯುವ ತಾಣ. ಮೊಟ್ಟೆಯೊಡೆದದ್ದು ಹೊರಗಿನ ಕಡಲಿನಲ್ಲಾದರೂ ಕೆಂಬೇರಿಯಂಥ ಮೀನಿನ ಮರಿ ಅಳಿವೆಗೆ ಬಂದು ಅಡಗಿ ಬೆಳೆದು, ದೊಡ್ಡದಾದ ಮೇಲೆ ಮರಳಿ ಬಂಡೆಗಳತ್ತ ಹೋಗುತ್ತದೆ. ಮಳೆಗಾಲದ ಹೊಳೆ ತರುವ ಗೊಬ್ಬರದಂಶದ ಜೊತೆಗೆ, ನೈರುತ್ಯ ಮುಂಗಾರಿನ ತಿಂಗಳುಗಳಲ್ಲಿ ಕಡಲಾಳದ ತಣ್ಣನೆಯ ಪೋಷಕಾಂಶಭರಿತ ನೀರು ಈ ತೀರದುದ್ದಕ್ಕೂ ಮೇಲಕ್ಕೆ ಬರುತ್ತದೆ. ಅದರಿಂದ ಕಣ್ಣಿಗೆ ಕಾಣದ ಸಸ್ಯಜೀವಿಗಳು ಹೇರಳವಾಗಿ ಹುಟ್ಟುತ್ತವೆ, ಬೂತಾಯಿ ಮತ್ತು ಬಂಗುಡೆಯಂಥ ಗುಂಪುಮೀನುಗಳು ಆ ಕಾಲಕ್ಕೆ ಹೊಂದಿಕೊಂಡು ಮೊಟ್ಟೆಯಿಡುತ್ತವೆ.

ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, ಒಟ್ಟು 61 ದಿನ, ಯಾಂತ್ರಿಕ ಮೀನುಗಾರಿಕೆಯನ್ನು ನಿಷೇಧಿಸುವುದರ ಹಿಂದಿನ ತರ್ಕ ಇದು. ಕರ್ನಾಟಕದಲ್ಲಿ ಇದನ್ನು ಜಾರಿಗೊಳಿಸುವುದಕ್ಕೆ 1986ರ ಕರ್ನಾಟಕ ಕಡಲ ಮೀನುಗಾರಿಕೆ ನಿಯಂತ್ರಣ ಕಾಯ್ದೆ ಆಧಾರ. ಇಂಜಿನ್ ಇಲ್ಲದ ಸಾಂಪ್ರದಾಯಿಕ ದೋಣಿಗಳಿಗೆ ಈ ನಿಷೇಧ ಅನ್ವಯಿಸುವುದಿಲ್ಲ. ಆ ವಿನಾಯಿತಿ ದಿನದ ಊಟಕ್ಕೆ ಹೊಳೆಬಾಯಿಯನ್ನೇ ನಂಬಿದ ಕುಟುಂಬಗಳಿಗಾಗಿ ಇರುವಂಥದು. ಹವ್ಯಾಸಕ್ಕೆ ಕಯಾಕ್ ತೆಗೆದುಕೊಂಡು ಹೋಗುವವರು ಅದರ ಮರೆಯಲ್ಲಿ ನಿಲ್ಲಬಾರದು ಎಂಬುದು ನನ್ನ ಅಭಿಪ್ರಾಯ. ಜೂನ್‌ನ ಕಡಲಿಗೆ ಕಯಾಕ್ ಇಳಿಸುವುದು ಪ್ರಾಣಾಪಾಯವೇ ಆದ್ದರಿಂದ ಆ ಕಾಲದಲ್ಲಿ ಹವ್ಯಾಸಿಗಳ ಕಣ್ಣು ಸಹಜವಾಗಿ ಅಳಿವೆಯ ಮೇಲೆ ಬೀಳುತ್ತದೆ. ಮರಿಗಳು ಅಡಗಿರುವುದೂ ಅಲ್ಲಿಯೇ. ಆ ಎರಡು ತಿಂಗಳು ಗಾಳವನ್ನು ಒರೆಸಿ, ಎಣ್ಣೆ ಹಚ್ಚಿ ಮೇಲಿಡುವುದರಿಂದ ಹವ್ಯಾಸಿಗೆ ಆಗುವ ನಷ್ಟ ಅತ್ಯಲ್ಪ.

ಬೂತಾಯಿಯ ಇತಿಹಾಸ ಈ ವಿಷಯದಲ್ಲಿ ಒಂದು ಎಚ್ಚರಿಕೆಯನ್ನೂ ಹೇಳುತ್ತದೆ. ನೆರೆಯ ಕೇರಳದಲ್ಲಿ 2012ರಲ್ಲಿ ಸುಮಾರು 3.9 ಲಕ್ಷ ಟನ್ ಬೂತಾಯಿ ಸಿಕ್ಕಿತ್ತು. 2021ರಲ್ಲಿ ಸಿಕ್ಕದ್ದು ಸುಮಾರು 3,300 ಟನ್. ಇಷ್ಟು ದೊಡ್ಡ ಕುಸಿತಕ್ಕೆ ಬಲೆಯೊಂದನ್ನೇ ದೂರಲಾಗದು. ಕಡಲ ನೀರಿನ ಬಿಸಿ, ಮಳೆಯ ಏರಿಳಿತ, ಶಾಂತಸಾಗರದ ನೀರು ಬಿಸಿಯಾಗಿ ಹವಾಮಾನ ಕದಡುವ ಎಲ್ ನಿನೊ ವರ್ಷಗಳು ಬೂತಾಯಿಯ ಆಹಾರವನ್ನೂ ಮರಿಗಳ ಉಳಿವನ್ನೂ ಅಲುಗಿಸುತ್ತವೆ, ಈ ಮೀನು ಹಿಂದೆಯೂ ಹಲವು ಸಲ ಕಾಣೆಯಾಗಿ ಮರಳಿದೆ. ಆದರೆ ಪ್ರಕೃತಿ ಮುನಿದ ವರ್ಷದಲ್ಲಿ ಉಳಿದ ಮೀನನ್ನೂ, ಬೆರಳುದ್ದದ ಮರಿಯನ್ನೂ ಬಾಚಿದರೆ ಮರಳಿ ಬರುವುದಕ್ಕೆ ಬೇಕಾದ ಮೂಲವೇ ಕುಗ್ಗುತ್ತದೆ. ಕೇರಳ ಸರ್ಕಾರ 2015ರಲ್ಲಿ 14 ಜಾತಿಗಳಿಗೆ ಹಿಡಿಯಬಹುದಾದ ಕನಿಷ್ಠ ಉದ್ದವನ್ನು ನಿಗದಿ ಮಾಡಿ, ಅನಂತರ ಆ ಪಟ್ಟಿಯನ್ನು 58 ಜಾತಿಗಳಿಗೆ ಹಿಗ್ಗಿಸಿತು. ಅದರಲ್ಲಿ ಬೂತಾಯಿಗೆ 10 ಸೆಂಟಿಮೀಟರ್, ಬಂಗುಡೆಗೆ 14 ಸೆಂಟಿಮೀಟರ್. ಈ ಅಳತೆಗಳ ಹಿಂದೆ ಇರುವುದು ಕೊಚ್ಚಿಯಲ್ಲಿ ಕೇಂದ್ರ ಕಚೇರಿಯಿರುವ ಕೇಂದ್ರೀಯ ಕಡಲ ಮೀನುಗಾರಿಕಾ ಸಂಶೋಧನಾ ಸಂಸ್ಥೆಯ ಶಿಫಾರಸು. ಇದಕ್ಕಿಂತ ಚಿಕ್ಕದನ್ನು ಹಿಡಿಯಬಾರದು ಎಂಬುದು ಇದರ ಅರ್ಥವಷ್ಟೇ; ಅಷ್ಟು ಉದ್ದವಾದ ಪ್ರತಿ ಮೀನೂ ಆಗಲೇ ಮೊಟ್ಟೆಯಿಟ್ಟಿದೆ ಎಂದಲ್ಲ.

ಚಿಕ್ಕದನ್ನು ಬಿಡಬೇಕು ಎಂಬುದನ್ನು ಹೆಚ್ಚಿನವರು ಒಪ್ಪುತ್ತಾರೆ. ತೀರ ದೊಡ್ಡದನ್ನೂ ಬಿಡಬೇಕು ಎಂದಾಗ ಮುಖ ಸಪ್ಪಗಾಗುತ್ತದೆ, ಏಕೆಂದರೆ ಫೋಟೊದಲ್ಲಿ ಎತ್ತಿ ಹಿಡಿಯಲು ಬೇಕಾದದ್ದು ಅದೇ. ಇಲ್ಲಿ ಜೀವಶಾಸ್ತ್ರ ಸ್ವಲ್ಪ ವಿಚಿತ್ರವಾಗಿದೆ, ನಿಧಾನವಾಗಿ ನೋಡೋಣ. ಹೆಣ್ಣುಮೀನು ಹಿಡಿಸುವ ಮೊಟ್ಟೆಗಳ ಸಂಖ್ಯೆ ಅದರ ಉದ್ದಕ್ಕೆ ಸರಿಸಮವಾಗಿ ಏರುವುದಿಲ್ಲ. ಉದ್ದ ಎರಡು ಪಟ್ಟಾದರೆ ಹೊಟ್ಟೆಯ ಜಾಗ ಎಂಟು ಪಟ್ಟಿನ ಸುತ್ತಮುತ್ತ ಹಿಗ್ಗುತ್ತದೆ, ಮೊಟ್ಟೆಗಳೂ ಅದೇ ಪ್ರಮಾಣದಲ್ಲಿ, ಬಹಳಷ್ಟು ಜಾತಿಗಳಲ್ಲಿ ಅದಕ್ಕಿಂತಲೂ ಹೆಚ್ಚಾಗಿ ಏರುತ್ತವೆ. ಹೀಗಾಗಿ ಒಂದು ಹಿರಿಯ ತಾಯಿಮೀನಿಗೆ ಸಮನಾಗಲು ಅನೇಕ ಎಳೆಯ ತಾಯಂದಿರು ಬೇಕು. ಕಯಾಕ್‌ನವರಿಗೆ ಪ್ರಿಯವಾದ ಮುರುಮೀನಿನಲ್ಲಿ ಇನ್ನೊಂದು ತೊಡಕಿದೆ: ಆ ಕುಲದ ಬಹುತೇಕ ಮೀನುಗಳು ಹೆಣ್ಣಾಗಿ ಬಾಳು ಆರಂಭಿಸಿ, ದೊಡ್ಡದಾದ ಮೇಲೆ ಗಂಡಾಗಿ ಬದಲಾಗುತ್ತವೆ. ಬಂಡೆಯ ಅತಿ ದೊಡ್ಡ ಮುರುಮೀನನ್ನು ತೆಗೆದರೆ ಅಲ್ಲಿನ ಹೆಣ್ಣುಗಳ ಮೊಟ್ಟೆಗೆ ಗಂಡು ಇಲ್ಲದಂತಾಗಬಹುದು. ಅಳಿವೆಯಲ್ಲಿ ಗಾಳಕ್ಕೆ ಬೀಳುವ, ಸಾಕಣೆದಾರರು ಸೀಬಾಸ್ ಎಂದು ಕರೆಯುವ ಮೀನಿನಲ್ಲಿ ಇದು ತಿರುಗುಮುರುಗು. ಅದು ಮೊದಲು ಗಂಡು, ಬೆಳೆದ ಮೇಲೆ ಹೆಣ್ಣು. ಅಲ್ಲಿ ದೊಡ್ಡದನ್ನು ತೆಗೆಯುವುದೆಂದರೆ ತಾಯಂದಿರನ್ನೇ ಆರಿಸಿ ತೆಗೆದಂತೆ. ಆದುದರಿಂದ ಎರಡು ಅಳತೆಗಳ ನಡುವಿನ ಮೀನನ್ನಷ್ಟೇ ಇಟ್ಟುಕೊಂಡು, ಅದಕ್ಕಿಂತ ಚಿಕ್ಕದನ್ನೂ ದೊಡ್ಡದನ್ನೂ ನೀರಿಗೆ ಬಿಡುವ ಕ್ರಮವನ್ನು ಹಲವು ದೇಶಗಳು ಹವ್ಯಾಸಿ ಗಾಳಗಾರರಿಗೆ ವಿಧಿಸಿವೆ. ನಮ್ಮಲ್ಲಿ ಯಾರೂ ವಿಧಿಸುವವರೆಗೆ ಕಾಯಬೇಕಾಗಿಲ್ಲ. ಹುಟ್ಟಿನ ಮೇಲೆ ಬಣ್ಣದಿಂದ ಸೆಂಟಿಮೀಟರ್ ಗುರುತು ಹಾಕಿಕೊಂಡರೆ ಅಳತೆಗೋಲು ಸದಾ ಕೈಯಲ್ಲೇ ಇರುತ್ತದೆ.

ಇನ್ನು ಜಾಗದ ವಿಚಾರ. ಬೂತಾಯಿ, ಬಂಗುಡೆ, ಅಂಜಲ್ ಓಡಾಡುವ ಮೀನುಗಳು. ಇಂದು ಇಲ್ಲಿ, ನಾಳೆ ಇನ್ನೆಲ್ಲೋ. ಒಂದು ಕಯಾಕ್ ಅವುಗಳಿಂದ ತೆಗೆಯುವ ಪಾಲು ಇಡೀ ಸಂತತಿಯ ಎದುರು ಗಣನೆಗೆ ಬಾರದಷ್ಟು ಸಣ್ಣದು, ಟ್ರಾಲ್‌ಬೋಟಿನತ್ತ ಬೆರಳು ತೋರಿಸುವವರ ಮಾತು ಇಲ್ಲಿ ನಿಜ. ಬಂಡೆಮೀನಿನ ಬದುಕು ಬೇರೆ. ಮುರುಮೀನು ತನ್ನ ಬಿರುಕನ್ನೂ ಗುಹೆಯನ್ನೂ ಬಿಟ್ಟು ದೂರ ಹೋಗುವುದು ಅಪರೂಪ, ಬೆಳೆಯುವುದು ನಿಧಾನ, ಬದುಕುವುದು ಹಲವು ವರ್ಷ. ಟ್ರಾಲ್ ಬಲೆ ಹರಿದೀತೆಂಬ ಭಯದಿಂದ ಬೋಟುಗಳು ದೂರವಿಡುವ ಬಂಡೆಗಳೇ ಈ ಮೀನಿಗೆ ಆಸರೆಯಾಗಿದ್ದವು. ಕಯಾಕ್ ನೇರವಾಗಿ ಆ ಬಂಡೆಯ ನೆತ್ತಿಗೇ ಹೋಗುತ್ತದೆ. ಮೊಬೈಲಿನಲ್ಲಿ ಜಾಗದ ಗುರುತು ಉಳಿಸಿಕೊಂಡರೆ ಮುಂದಿನ ವಾರವೂ ತಪ್ಪದೆ ಅಲ್ಲಿಗೇ ಹೋಗಬಹುದು, ಗೆಳೆಯರಿಗೂ ಕಳುಹಿಸಬಹುದು. ಒಂದು ಬಂಡೆಯ ಮೇಲೆ ಇರುವ ದೊಡ್ಡ ಮುರುಮೀನುಗಳು ಕೆಲವೇ ಆಗಿರುವುದರಿಂದ, ಒಂದು ಹಂಗಾಮಿನಲ್ಲಿ ಕೆಲವೇ ಗಾಳಗಳು ಅದನ್ನು ಬರಿದು ಮಾಡಬಲ್ಲವು, ಅದು ಮತ್ತೆ ತುಂಬಲು ವರ್ಷಗಳೇ ಹಿಡಿಯುತ್ತವೆ. ಒಂದು ಗಾಳದಿಂದ ಏನು ಕಡಿಮೆಯಾದೀತು ಎಂಬ ಮಾತು ಬಂಡೆಯ ಮೇಲೆ ಸುಳ್ಳಾಗುತ್ತದೆ. ಒಂದೇ ಬಂಡೆಗೆ ಪದೇ ಪದೇ ಹೋಗದಿರುವುದು, ಅಲ್ಲಿಂದ ತಂದರೂ ಒಂದೇ ಮೀನು ತರುವುದು, ಜಾಗದ ಗುರುತನ್ನು ಹಂಚದಿರುವುದು, ಈ ಮೂರನ್ನು ಪಾಲಿಸದೆ ಬಂಡೆಯ ಮೇಲೆ ಗಾಳ ಬಿಡಬಾರದು.

ಬಿಟ್ಟ ಮೀನು ಬದುಕಿದರೆ ಮಾತ್ರ ಬಿಟ್ಟದ್ದಕ್ಕೆ ಅರ್ಥ. ನೀರಿನಲ್ಲಿ 10 ಮೀಟರ್ ಇಳಿದರೆ ಒತ್ತಡ ಮೇಲಿನದರ ಎರಡು ಪಟ್ಟಾಗುತ್ತದೆ, 20 ಮೀಟರ್‌ಗೆ ಮೂರು ಪಟ್ಟು. ಆ ಆಳದಿಂದ ಮುರುಮೀನನ್ನೋ ಕೆಂಬೇರಿಯನ್ನೋ ಸರಸರನೆ ಎಳೆದಾಗ ಅದರ ಹೊಟ್ಟೆಯೊಳಗಿನ ಗಾಳಿಚೀಲ ಅಷ್ಟೇ ಪಟ್ಟು ಉಬ್ಬಿ, ಕಣ್ಣು ಹೊರಚಾಚಿ, ಜಠರ ಬಾಯಿಂದ ಹೊರಬರುತ್ತದೆ. ಹಾಗೆ ಬಂದದ್ದನ್ನು ಗಾಳಿಚೀಲವೆಂದು ತಿಳಿದು ಚುಚ್ಚುವವರಿದ್ದಾರೆ. ಅದು ಜಠರ, ಚುಚ್ಚಕೂಡದು. ಉಬ್ಬಿದ ಮೀನನ್ನು ಹಾಗೆಯೇ ಬಿಟ್ಟರೆ ಮುಳುಗಲಾರದೆ ತೇಲುತ್ತ ಹದ್ದಿನ ಪಾಲಾಗುತ್ತದೆ. ಮುಳ್ಳು ತೆಗೆದು ನಯಮಾಡಿದ ಗಾಳವೊಂದನ್ನು ತಲೆಕೆಳಗಾಗಿ ಭಾರದ ಗುಂಡಿಗೆ ಕಟ್ಟಿ, ಮೀನಿನ ಕೆಳದವಡೆಗೆ ಸಿಕ್ಕಿಸಿ ತಳದ ಕಡೆ ಇಳಿಸಿದರೆ, ಒತ್ತಡ ಹೆಚ್ಚಿದಂತೆ ಚೀಲ ತಾನೇ ಕುಗ್ಗುತ್ತದೆ. ದಾರವನ್ನು ಒಮ್ಮೆ ಜಗ್ಗಿದಾಗ ಗಾಳ ಕಳಚಿಕೊಂಡು ಮೀನು ಹೋಗುತ್ತದೆ. ಅಂಜಲ್‌ಗೆ ಗಾಳಿಚೀಲವೇ ಇಲ್ಲ, ಆದರೆ ಅದು ಈಜುತ್ತಲೇ ಕಿವಿರಿಗೆ ನೀರು ಹಾಯಿಸಿಕೊಳ್ಳುವ ಮೀನು. ತೊಡೆಯ ಮೇಲೆ ಮಲಗಿಸಿಕೊಂಡು ಫೋಟೊ ತೆಗೆಯುತ್ತ ಕೂತರೆ ಬಿಟ್ಟ ಮೇಲೂ ಉಳಿಯುವುದು ಕಷ್ಟ. ಮೂರು ಮೊನೆಯ ಗಾಳಕ್ಕಿಂತ ಒಂಟಿ ಗಾಳ ಒಳ್ಳೆಯದು, ಅದರಲ್ಲೂ ಮೊನೆ ಒಳಕ್ಕೆ ಬಾಗಿದ ಗುಂಡುಗಾಳ ಗಂಟಲಿಗಿಳಿಯದೆ ಹೆಚ್ಚಾಗಿ ಬಾಯಿಯ ಮೂಲೆಯಲ್ಲೇ ಕಚ್ಚಿಕೊಳ್ಳುತ್ತದೆ. ಒಣಗಿದ ಕೈ, ಬಟ್ಟೆ ತಾಗಿದರೆ ಮೈಮೇಲಿನ ಲೋಳೆ ಅಳಿಸಿಹೋಗಿ ಸೋಂಕಿಗೆ ದಾರಿಯಾಗುತ್ತದೆ, ಕೈ ಒದ್ದೆಮಾಡಿಕೊಳ್ಳಬೇಕು. ಗಾಳ ನುಂಗಿದ್ದರೆ ಕಿತ್ತು ತೆಗೆಯುವುದಕ್ಕಿಂತ ದಾರವನ್ನು ಬಾಯಿಯ ಹತ್ತಿರ ಕತ್ತರಿಸುವುದು ಲೇಸು. ತುಂಡಾದ ನೈಲಾನ್ ದಾರವನ್ನು ಕಡಲಿಗೆಸೆಯದೆ ವಾಪಸು ತರಬೇಕೆಂದು ಬೇರೆ ಹೇಳಬೇಕಾಗಿಲ್ಲ.

ಕಡಲಾಮೆ, ಗರಗಸಮೀನು, ತಿಮಿಂಗಿಲ ಶಾರ್ಕ್, ಕಡಲಕುದುರೆ ಇವು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಲ್ಲಿವೆ. ಇವುಗಳಲ್ಲಿ ಯಾವುದೇ ಸಿಕ್ಕಿಬಿದ್ದರೆ ತಡಮಾಡದೆ ಬಿಡಬೇಕು.

ಕಯಾಕ್ ಮುಟ್ಟದ ಓದುಗರೂ ಈ ಲೆಕ್ಕದ ಹೊರಗಿಲ್ಲ. ಘಾಟಿ ಹತ್ತಿ ಬರುವ ಮೀನಿನ ಗಾಡಿಗಳಿಂದಲೇ ಮಲೆನಾಡಿನ ಅಡುಗೆಮನೆಗೆ ಕಡಲು ತಲುಪುತ್ತದೆ. ಸಂತೆಯಲ್ಲಿ ಬೆರಳುದ್ದದ ಬಂಗುಡೆಮರಿಯನ್ನು ಅಗ್ಗವೆಂದು ಕೊಂಡಾಗ ಅದನ್ನು ಹಿಡಿದವರಿಗೆ ಮುಂದಿನ ಸಲವೂ ಹಿಡಿಯಿರಿ ಎಂದು ಹೇಳಿದಂತಾಗುತ್ತದೆ. ಕೊಳ್ಳುವವರಿಲ್ಲದ ಮರಿಮೀನು ಕರಾವಳಿಯ ಮೀನುಹುಡಿ, ಮೀನೆಣ್ಣೆ ಕಾರ್ಖಾನೆಗೆ ಹೋಗುತ್ತದೆ ಎಂಬ ಆಕ್ಷೇಪ ಸರಿಯಾದದ್ದೇ. ಗ್ರಾಹಕರ ನಿರಾಕರಣೆಯೊಂದರಿಂದ ಅದು ನಿಲ್ಲುವುದಿಲ್ಲ, ಬಲೆಯ ಕಣ್ಣಿನ ಅಳತೆಯ ಮೇಲೆ ಸರ್ಕಾರದ ನಿಗಾ ಬೇಕು. ಆದರೂ ಬಂಗುಡೆ ಗೇಣುದ್ದವಿದೆಯೇ ಎಂದು ಕೇಳಿ ಕೊಳ್ಳುವ ಗಿರಾಕಿಗಳು ಹೆಚ್ಚಿದರೆ ಮಾರುವವರು ಅದಕ್ಕೆ ತಕ್ಕಂತೆ ತರಿಸುತ್ತಾರೆ.

ಕೊನೆಯದಾಗಿ, ಹವ್ಯಾಸಿಗಳ ಹಿಡಿತ ಎಲ್ಲಿಯೂ ದಾಖಲಾಗುವುದಿಲ್ಲ ಎಂಬ ಕೊರತೆಯಿದೆ. ದೇಶದ ಕಡಲ ಮೀನಿನ ಅಂದಾಜು ನಡೆಯುವುದು ಬಂದರುಗಳಲ್ಲಿ, ಮೀನಿಳಿಸುವ ದಕ್ಕೆಗಳಲ್ಲಿ ಮಾದರಿಗಳನ್ನು ಎಣಿಸಿ. ಕಾರಿನ ಮೇಲೆ ಕಯಾಕ್ ಕಟ್ಟಿಕೊಂಡು ಸಾಗರಕ್ಕೋ ತೀರ್ಥಹಳ್ಳಿಗೋ ಮರಳಿದವರ ಚೀಲ ಅಲ್ಲಿ ಯಾರ ಕಣ್ಣಿಗೂ ಬೀಳುವುದಿಲ್ಲ. ಇದಕ್ಕೆ ಒಂದು ನೋಟುಪುಸ್ತಕ ಸಾಕು. ದಿನಾಂಕ, ಜಾಗ, ನೀರಿನಲ್ಲಿ ಕಳೆದ ಗಂಟೆಗಳು, ಬಿದ್ದ ಪ್ರತಿ ಮೀನಿನ ಜಾತಿ ಮತ್ತು ಉದ್ದ, ಇಟ್ಟದ್ದೋ ಬಿಟ್ಟದ್ದೋ ಎಂಬುದನ್ನು ಅದರಲ್ಲಿ ಬರೆಯಬೇಕು. ಸಿಕ್ಕ ಮೀನಿನ ಒಟ್ಟು ಸಂಖ್ಯೆಗಿಂತ ಗಂಟೆಗೆ ಎಷ್ಟು ಸಿಕ್ಕಿತು ಎಂಬ ಅಂಕಿ ಸಂತತಿಯ ಸ್ಥಿತಿಯನ್ನು ಚೆನ್ನಾಗಿ ತಿಳಿಸುತ್ತದೆ: ಹತ್ತು ಮೀನು ಎರಡು ಗಂಟೆಯಲ್ಲಿ ಬಿದ್ದದ್ದಕ್ಕೂ ಎಂಟು ಗಂಟೆಯಲ್ಲಿ ಬಿದ್ದದ್ದಕ್ಕೂ ಅಂತರ ದೊಡ್ಡದು. ಏನೂ ಸಿಗದ ದಿನವನ್ನು ನಾಚಿಕೆಯಿಂದ ಬಿಟ್ಟುಬಿಡುವುದು ಸಾಮಾನ್ಯ. ಹಾಗೆ ಬಿಟ್ಟರೆ ಇಡೀ ಲೆಕ್ಕ ತಪ್ಪುತ್ತದೆ, ಏಕೆಂದರೆ ಸಂತತಿ ಕುಗ್ಗುತ್ತಿರುವುದು ಮೊದಲು ಕಾಣಿಸಿಕೊಳ್ಳುವುದೇ ಅಂಥ ದಿನಗಳು ಹೆಚ್ಚುವುದರಲ್ಲಿ. ಒಂದೆರಡು ಹಂಗಾಮಿನ ಇಂಥ ಪುಸ್ತಕಗಳು ಕೆಲವರದಾದರೂ ಒಟ್ಟಾದರೆ, ಮಂಗಳೂರಿನ ಮೀನುಗಾರಿಕಾ ಕಾಲೇಜಿನಂಥ ಕಡೆ ಅವುಗಳನ್ನು ಓದಿ ಅರ್ಥಮಾಡಬಲ್ಲವರಿದ್ದಾರೆ.